ಪಿಜ್ಜಾ ತೆಳುವಾದರೆ ಹಗುರವೇ?

ಮಕ್ಕಳೇ, ಪಿಜ್ಜಾ ಇಟಲಿಯ ನೇಪಲ್ಸ್ ನಗರದಿಂದ ಹೆಸರಾದ ತಿನಿಸು. ಮೈದಾ ರೊಟ್ಟಿಯ ಮೇಲೆ ಟೊಮೆಟೊ ಸಾಸ್ ಸವರಿ, ಚೀಸ್ ಹರಡಿ ಓವನ್‌ನಲ್ಲಿ ಬೇಯಿಸುತ್ತಾರೆ. ರೊಟ್ಟಿ ತೆಳುವಾಗಿದ್ದರೆ ಅದು ಹಗುರವಾದ ಆಹಾರವೇ? ಲೆಕ್ಕ ಹಾಕೋಣ.

ರೊಟ್ಟಿ ತೆಳುವಾದರೆ ಮೈದಾ ಕಡಿಮೆ, ಪಿಷ್ಟವೂ ಕಡಿಮೆ. ಆದರೆ ಚೀಸ್ ಮೊದಲಿನಷ್ಟೇ ಹಾಕಿದರೆ? ಚೀಸ್ ಹಾಲಿನಿಂದ ಆದದ್ದು. ಅದರಲ್ಲಿ ದೇಹ ಬೆಳೆಯಲು ಬೇಕಾದ ಪ್ರೋಟೀನ್, ಮೂಳೆಗೆ ಬೇಕಾದ ಕ್ಯಾಲ್ಸಿಯಂ ಇವೆ. ಜೊತೆಗೆ ಕೊಬ್ಬು, ಉಪ್ಪೂ ಇವೆ. 1 ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೊಕ್ಯಾಲೊರಿ ಶಕ್ತಿ ಸಿಕ್ಕರೆ, 1 ಗ್ರಾಂ ಕೊಬ್ಬಿನಿಂದ 9 ಸಿಗುತ್ತದೆ. ಆಗ ಒಂದೇ ತೂಕದ ಎರಡು ತುಂಡುಗಳಲ್ಲಿ ತೆಳು ತುಂಡಿನಲ್ಲೇ ಕೊಬ್ಬಿನ ಪಾಲು ಹೆಚ್ಚು!

ಗೋಧಿಯ ತೌಡು ತೆಗೆದಿರುವುದರಿಂದ ಮೈದಾದಲ್ಲಿ ನಾರಿನಂಶವೂ ಕಡಿಮೆ. ಪಿಜ್ಜಾ ಅಪರೂಪಕ್ಕೊಮ್ಮೆ ಸಾಕು. ತಿಂದ ದಿನ ತರಕಾರಿ, ಹಣ್ಣು ಮರೆಯಬೇಡಿ.