ಭ್ರಮೆಯ ಕವಲುಗಳು

ಕಡೂರಿನ ರೈಲುಹಾದಿ ಬೀರೂರಿನವರೆಗೆ ಒಂದೇ. ಅಲ್ಲಿಂದ ಒಂದು ಕವಲು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ. ಚಿತ್ತಭ್ರಮೆಯೂ ಹೀಗೆಯೇ ಎಂದು ನನಗೆ ಅನೇಕ ವೇಳೆ ತೋರಿದೆ. ಮೊದಲ ಸಲ ಎರಗಿದಾಗ ಲಕ್ಷಣಗಳು ಬಹುಮಟ್ಟಿಗೆ ಒಂದೇ: ಇಲ್ಲದ ದನಿ ಕೇಳುವುದು, ಇಲ್ಲದ ಶತ್ರುವಿಗೆ ಅಂಜುವುದು. ಕವಲು ಕಾಣುವುದು ಆಮೇಲೆ.

1899ರಲ್ಲಿ ಜರ್ಮನಿಯ ವೈದ್ಯ ಎಮಿಲ್ ಕ್ರೆಪೆಲಿನ್ ಈ ಕವಲುಗಳನ್ನು ಬೇರ್ಪಡಿಸಿದನು. ಒಂದು, ಇಂದು ಸ್ಕಿಜೋಫ್ರೇನಿಯಾ ಎನಿಸಿಕೊಂಡಿರುವ ರೋಗ. ಇನ್ನೊಂದು, ಉನ್ಮಾದ ವಿಷಾದಗಳ ಏರಿಳಿತದಲ್ಲಿ ಹುಟ್ಟುವ ಭ್ರಮೆ. ಎರಡನೆಯದೇನೂ ವಿರಳವಲ್ಲ. ಮೊದಲ ಬಾರಿ ಭ್ರಮೆಗೊಳಗಾದವರಲ್ಲಿ ಗಣನೀಯ ಪಾಲಿನವರದು ಈ ಬಗೆ.

ವಾರಗಟ್ಟಲೆ ನಿದ್ರೆಯಿಲ್ಲದೆಯೂ ದಣಿಯದೆ, ತಾನು ದೇವದೂತನೆಂದು ಸಾರಿ ಕೈಲಿದ್ದುದನ್ನೆಲ್ಲ ಹಂಚುವ ತರುಣನದು ಉನ್ಮಾದ. ತನ್ನ ಪಾಪದಿಂದಲೇ ಮಳೆ ಹೋಯಿತೆಂದು ನಂಬಿ ಅನ್ನ ಬಿಟ್ಟ ತಾಯಿಯದು ವಿಷಾದ.

ಈ ವಿವೇಚನೆಯಿಂದ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ವಿಷಾದದ ಮದ್ದೊಂದನ್ನೇ ಕೊಟ್ಟರೆ ಅಡಗಿದ್ದ ಉನ್ಮಾದ ಕೆರಳಬಹುದು. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಉನ್ಮಾದಕ್ಕೆ ಪ್ರಯೋಗಿಸಿದ ಲಿಥಿಯಂ, ರೋಗ ಮರುಕಳಿಸದಂತೆ ಹಲವರನ್ನು ಕಾಯುತ್ತಿದೆ. ಭ್ರಮೆ ಇಳಿದ ಮೇಲೆ ಅನೇಕರು ಓದಿಗೆ, ದುಡಿಮೆಗೆ ಮರಳಬಲ್ಲರು. ಊರು ಮಾತ್ರ ಒಂದು ತಿಂಗಳ ಕಾಯಿಲೆಗೆ ಜೀವಮಾನದ ಹೆಸರಿಡುತ್ತದೆ.

ಮೊದಲ ದಿನವೇ ನಿರ್ಣಯ ಸುಲಭವಲ್ಲ. ವೈದ್ಯರೂ ಮುಂದೆ ರೋಗದ ಹೆಸರನ್ನು ಬದಲಿಸಬೇಕಾಗುವುದುಂಟು. ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬಿನ್ನಹ: ವಿದ್ಯಾರ್ಥಿಯ ವಿಪರೀತ ಮಾತುಗಳೊಡನೆ, ಹಿಂದಿನ ವಾರಗಳ ಅವನ ನಿದ್ರೆ, ಉತ್ಸಾಹ, ಅಳಲುಗಳನ್ನೂ ವೈದ್ಯರಿಗೆ ತಿಳಿಸಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416 ಹಳ್ಳಿಗೂ ನಿಲುಕುತ್ತದೆ.