ಅಪ್‌ಡೇಟ್ ಆದಮೇಲೆ ಡೆಸ್ಕ್‌ಟಾಪ್ ಬಾರದಿದ್ದರೆ

ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳ ಝೆರಾಕ್ಸ್ ಅಂಗಡಿಗಳಲ್ಲಿ ದಿನದ ದುಡಿಮೆಯೆಲ್ಲ ಒಂದೆರಡು ಕಂಪ್ಯೂಟರುಗಳ ಮೇಲೆ ನಿಂತಿರುತ್ತದೆ. ಪಹಣಿ ತೆಗೆಸುವ ರೈತರು, ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ಮಕ್ಕಳು, ಲಗ್ನಪತ್ರಿಕೆ ಮಾಡಿಸುವವರು ಕಾಯುತ್ತಿರುವಾಗ ಯಂತ್ರ ಬರೀ ಕಪ್ಪು ಪರದೆ ತೋರಿಸಿದರೆ ಯಾರಿಗಾದರೂ ಗಾಬರಿಯೇ. ಆಗ ಸಿಗುವ ಮೊದಲ ಸಲಹೆ, ಫಾರ್ಮ್ಯಾಟ್ ಹೊಡೆಸಿಬಿಡಿ ಎನ್ನುವುದು. ಅದು ಕೊನೆಯ ದಾರಿ ಆಗಬೇಕು. ಪರದೆ ಕಪ್ಪಾದ ಮಾತ್ರಕ್ಕೆ ಫೈಲುಗಳು ಅಳಿಯುವುದಿಲ್ಲ. ಸಾಮಾನ್ಯವಾಗಿ ಅವು ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತವೆ.

ಎಲ್ಲಿ ನಿಂತಿದೆ ನೋಡಿ

ಕಂಪ್ಯೂಟರ್ ಹಂತಹಂತವಾಗಿ ಏಳುತ್ತದೆ. ಮೊದಲು ಯಂತ್ರ, ಆಮೇಲೆ ವ್ಯವಸ್ಥೆಯ ತಿರುಳಾದ ಕರ್ನಲ್ ಮತ್ತು ಡ್ರೈವರ್‌ಗಳು, ನಂತರ ಲಾಗಿನ್, ಎಲ್ಲಕ್ಕಿಂತ ಕಡೆಗೆ ಡೆಸ್ಕ್‌ಟಾಪ್. ಯಾವ ಹಂತದಲ್ಲಿ ನಿಂತಿತು ಎಂದು ತಿಳಿದರೆ ಅರ್ಧ ಕೆಲಸ ಆದಂತೆ.

ಪಾಸ್‌ವರ್ಡ್ ಕೊಟ್ಟ ಮೇಲೆ ಕಪ್ಪು ಪರದೆಯಲ್ಲಿ ಮೌಸಿನ ಬಾಣವಷ್ಟೇ ಕಂಡರೆ, ವಿಂಡೋಸ್ ಎದ್ದಿದೆ. ಐಕಾನು, ಟಾಸ್ಕ್‌ಬಾರ್ ತೋರಿಸುವ ಎಕ್ಸ್‌ಪ್ಲೋರರ್ ಮಾತ್ರ ಎದ್ದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬಂದರೆ, ಹೊಸ ಟಾಸ್ಕ್ ನಡೆಸುವ ಆಯ್ಕೆಗೆ ಹೋಗಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಒತ್ತಿ. ಬಾಣವೂ ಕಾಣದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆಗೆ ಬಿ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ.

ಲಾಗಿನ್‌ವರೆಗೂ ಬಾರದಿದ್ದರೆ

ಸಾಲಾಗಿ ಕೆಲವು ಸಲ ಏಳಲು ಸೋತಾಗ ವಿಂಡೋಸ್ ತಾನಾಗಿಯೇ ದುರಸ್ತಿ ಪರದೆ ತೆರೆಯುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್ ಮೂಲಕ ಹೋಗಿ ಇತ್ತೀಚಿನ ಅಪ್‌ಡೇಟ್ ತೆಗೆದುಹಾಕಬಹುದು. ಇಲ್ಲವೇ ಸೇಫ್ ಮೋಡ್‌ಗೆ ಹೋಗಬಹುದು. ಅದರಲ್ಲಿ ಅಗತ್ಯದ ಡ್ರೈವರ್‌ಗಳಷ್ಟೇ ಏಳುವುದರಿಂದ, ಅಲ್ಲಿ ಡೆಸ್ಕ್‌ಟಾಪ್ ಬಂದರೆ ದೋಷ ಹೊಸ ಡ್ರೈವರಿನಲ್ಲೋ ಜೊತೆಗೆ ಏಳುವ ಬೇರೊಂದು ತಂತ್ರಾಂಶದಲ್ಲೋ ಇರುವ ಸಂಭವ ಹೆಚ್ಚು. ವಿಂಡೋಸ್ ಬದಲು ಉಬುಂಟು ಇದ್ದರೆ ಶುರುವಿನ ಗ್ರಬ್ ಪಟ್ಟಿಯ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೆಯ ಕರ್ನಲ್ ಆರಿಸಿ. ಅಪ್‌ಡೇಟ್ ಆದಾಗ ಸಾಮಾನ್ಯವಾಗಿ ಹಿಂದಿನದನ್ನೂ ಅದು ಉಳಿಸಿಕೊಂಡಿರುತ್ತದೆ.

ಫಾರ್ಮ್ಯಾಟ್ ಕೊನೆಯ ದಾರಿ ಎಂಬ ಪಾಠವನ್ನು 2024ರ ಜುಲೈ 19ರಂದು ಜಗತ್ತೇ ಕಲಿಯಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ದೋಷದ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ನಿಂತವು. ಅಂದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಕೆಲವು ವಿಮಾನ ಸಂಸ್ಥೆಗಳ ಚೆಕ್-ಇನ್ ಕೆಲಸವನ್ನು ಕೈಯಿಂದಲೇ ಮಾಡಬೇಕಾಯಿತು. ಪರಿಹಾರ ಏನಿತ್ತು? ಸೇಫ್ ಮೋಡ್‌ಗೆ ಹೋಗಿ ಆ ಅಪ್‌ಡೇಟ್ ತಂದ ದೋಷದ ಫೈಲನ್ನು ಅಳಿಸುವುದು. ಫಾರ್ಮ್ಯಾಟ್ ಬೇಕಾಗಲಿಲ್ಲ.

ಯಾವುದೂ ಫಲಿಸದಿದ್ದರೆ

ಉಬುಂಟು ಇರುವ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿ, ಇನ್‌ಸ್ಟಾಲ್ ಮಾಡದೆ ಬರೀ ಪ್ರಯತ್ನಿಸುವ ಆಯ್ಕೆ ಒತ್ತಿ, ಫೈಲುಗಳನ್ನು ಹೊರಗಿನ ಡಿಸ್ಕಿಗೆ ತೆಗೆದುಕೊಳ್ಳಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕೆಗಳ ರಿಕವರಿ ಕೀ ಬೇಕು. ಅದನ್ನು ಇಂದೇ ಹುಡುಕಿ ಬರೆದಿಟ್ಟುಕೊಳ್ಳಿ. ಆನಂತರ ಫೈಲುಗಳನ್ನು ಉಳಿಸಿಕೊಂಡು ರೀಸೆಟ್ ಮಾಡಿ. ಆಗ ನೀವು ಹಾಕಿಕೊಂಡಿದ್ದ ಕನ್ನಡ ಟೈಪಿಂಗಿನ ನುಡಿಯಂಥ ತಂತ್ರಾಂಶಗಳು ಹೋಗಿರುತ್ತವೆ, ಅವನ್ನು ಮತ್ತೆ ಹಾಕಬೇಕು.

ಮೊದಲೇ ಮಾಡಬೇಕಾದ್ದು

ಅಪ್‌ಡೇಟ್ ಅರ್ಧದಲ್ಲಿದ್ದಾಗ ಕರೆಂಟು ಹೋಗುವುದು, ಡಿಸ್ಕ್ ತುಂಬಿರುವುದು, ಹಳೆಯ ಡ್ರೈವರ್ ಹೊಂದದಿರುವುದು ಈ ತೊಂದರೆಗೆ ಮುಖ್ಯ ಕಾರಣಗಳು. ಹಾಗಂತ ಅಪ್‌ಡೇಟನ್ನೇ ನಿಲ್ಲಿಸಿದರೆ ವೈರಸ್ಸಿಗೆ ಬಾಗಿಲು ತೆರೆದಂತೆ. ಯುಪಿಎಸ್ ಇಟ್ಟುಕೊಳ್ಳಿ, ಡಿಸ್ಕಿನಲ್ಲಿ ಜಾಗ ಬಿಡಿ, ವಾರಕ್ಕೊಮ್ಮೆ ಗಿರಾಕಿಗಳ ಫೈಲುಗಳ ಪ್ರತಿ ತೆಗೆದಿಡಿ. ಅರ್ಜಿ ಹಾಕುವ ಕೊನೆಯ ದಿನ ಹತ್ತಿರ ಬಂದಾಗ ಅಪ್‌ಡೇಟನ್ನು ನಾಲ್ಕು ದಿನ ಮುಂದೂಡಿ, ಗಡಿಬಿಡಿ ಮುಗಿದ ಕೂಡಲೇ ಮರೆಯದೆ ಹಾಕಿಕೊಳ್ಳಿ.