ಚೋಮನನ್ನು ಹುಡುಕುವುದು ಹೇಗೆ? – ಸಿಯಾಟಲ್ ಲೈಬ್ರರಿಗಳು ಮತ್ತು ನಾವು

ಊರಿನಿಂದ ಮರಳುವಾಗ ಚಟ್ನಿಪುಡಿ, ಉಪ್ಪಿನಕಾಯಿಗಳ ನಡುವೆ ನಾಲ್ಕು ಕನ್ನಡ ಪುಸ್ತಕ ತುರುಕಿಕೊಂಡು ಬರುವುದು ನಮ್ಮೆಲ್ಲರ ರೂಢಿ. ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾದರೆ ಮೊದಲು ಹೊರಬೀಳುವುದೂ ಪುಸ್ತಕವೇ! (ಉಪ್ಪಿನಕಾಯಿಯ ಮೇಲೆ ಕೈಹಾಕುವ ಧೈರ್ಯ ಯಾರಿಗಿದೆ?) ಆದರೆ ಓದುಗರೇ, ಸಾವಿರಾರು ಕನ್ನಡ ಪುಸ್ತಕಗಳು ಅಮೆರಿಕದ ಲೈಬ್ರರಿಗಳಲ್ಲೇ ಇವೆ. ಕೇಳುವವರು ಕಡಿಮೆ, ಅಷ್ಟೇ.

ಅವು ಇಲ್ಲಿಗೆ ಬಂದ ಕಥೆಯೇ ಸ್ವಾರಸ್ಯಕರ. 1954ರ ಪಿ.ಎಲ್. 480 ಕಾಯ್ದೆಯ ಅಡಿಯಲ್ಲಿ ಭಾರತ ಅಮೆರಿಕದಿಂದ ಗೋಧಿ ತರಿಸಿಕೊಂಡು ಬೆಲೆಯನ್ನು ರೂಪಾಯಿಯಲ್ಲಿ ಕೊಡುತ್ತಿತ್ತು. ಆ ಹಣವನ್ನು ಹೆಚ್ಚಾಗಿ ಭಾರತದಲ್ಲೇ ಖರ್ಚು ಮಾಡಬೇಕಿತ್ತು. ಅದರ ಒಂದು ಪಾಲಿನಿಂದ ಲೈಬ್ರರಿ ಆಫ್ ಕಾಂಗ್ರೆಸ್‌ನವರು 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು, ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ಷಿಕಾಗೋದಂಥ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿದರು. ನಮ್ಮ ಹಿರಿಯರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ತಂದ ಗೋಧಿಯ ದುಡ್ಡು ಹೀಗೆ ಕಾದಂಬರಿ, ಕವನ ಸಂಕಲನಗಳಾಗಿ ಹಡಗು ಹತ್ತಿತು!

ಷಿಕಾಗೋಗೆ ಯಾರು ಹೋಗುತ್ತಾರೆ ಎನ್ನಬೇಡಿ. ಸಿಯಾಟಲ್ ಪಬ್ಲಿಕ್ ಲೈಬ್ರರಿಯಲ್ಲಾಗಲಿ, ಬೆಲ್‌ವ್ಯೂ, ರೆಡ್ಮಂಡ್ ಕಡೆಯವರ ಕಿಂಗ್ ಕೌಂಟಿ ಲೈಬ್ರರಿಯಲ್ಲಾಗಲಿ ಕಾರ್ಡ್ ಇದ್ದರೆ, ದೂರದ ಲೈಬ್ರರಿಯ ಪುಸ್ತಕವನ್ನು 'ಇಂಟರ್ ಲೈಬ್ರರಿ ಲೋನ್' ಮೂಲಕ ತರಿಸಿಕೊಡಲು ಕೇಳಬಹುದು. ಯಾವ ಪುಸ್ತಕ ಎಲ್ಲಿದೆ ಎಂದು ನೋಡಲು ವರ್ಲ್ಡ್‌ಕ್ಯಾಟ್ ಎಂಬ ಸೂಚಿ ಇದೆ.

ಇಲ್ಲೊಂದು ತೊಡಕು. ಇಲ್ಲಿನ ಸೂಚಿಗಳಲ್ಲಿ ಕನ್ನಡ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ಪಂಡಿತರು ಒಪ್ಪಿದ ಕ್ರಮದಲ್ಲಿ ಬರೆದಿರುತ್ತಾರೆ. ಅಲ್ಲಿ 'ಚ'ಕಾರಕ್ಕೆ ಬರೀ 'ಸಿ'. ಪಕ್ಕದಲ್ಲಿ 'ಎಚ್' ಸೇರಿಸಿದರೆ ಅದು 'ಛ' ಆಗಿಬಿಡುತ್ತದೆ. ನಾವು ಇಮೇಲಿನಲ್ಲಿ ಬರೆಯುವ ಹಾಗೆ ಬರೆದು ಕಾರಂತರ 'ಚೋಮನ ದುಡಿ'ಯನ್ನು ಹುಡುಕಿದರೆ ಸಿಗದೇ ಹೋಗಬಹುದು. 'ಎಚ್' ತೆಗೆದು ನೋಡಿ. ತೇಜಸ್ವಿಯವರ 'ಚಿದಂಬರ ರಹಸ್ಯ'ಕ್ಕೂ ಇದೇ ಮದ್ದು. ಚಿತ್ತಾಲರ 'ಶಿಕಾರಿ'ಗೆ ಬರೀ 'ಎಸ್' ಸಾಕು. ಅಕ್ಷರದ ತಲೆಯ ಮೇಲಿನ ಗೀಟುಗಳನ್ನು ಸಾಮಾನ್ಯವಾಗಿ ಬಿಟ್ಟರೂ ನಡೆಯುತ್ತದೆ. ಇದೊಂದು ಗುಟ್ಟು ತಿಳಿಯದೆ "ಇಲ್ಲಿ ಕನ್ನಡ ಪುಸ್ತಕವೇ ಇಲ್ಲ" ಎಂದು ಕೈಚೆಲ್ಲುವವರೇ ಹೆಚ್ಚು.

ಊರಿನ ಲೈಬ್ರರಿಗಳ ಲೆಕ್ಕಾಚಾರ ಬೇರೆ. ಸಂಗ್ರಹಿಸಿ ಕಾಪಾಡುವುದು ವಿಶ್ವವಿದ್ಯಾಲಯದ ಕೆಲಸ. ಪಬ್ಲಿಕ್ ಲೈಬ್ರರಿ ನಡೆಯುವುದು ಕೇಳಿಕೆಯ ಮೇಲೆ. ಯಾರೂ ಒಯ್ಯದ ಪುಸ್ತಕ ಕೆಲವು ವರ್ಷಗಳಲ್ಲಿ ಕಪಾಟಿನಿಂದ ಇಳಿಯುತ್ತದೆ. ಇದಕ್ಕೆ ಅವರಿಟ್ಟ ಹೆಸರು 'ಕಳೆ ಕೀಳುವುದು'! ಒಯ್ಯುವವರಿದ್ದ ಭಾಷೆಯ ಸಾಲು ಉದ್ದವಾಗುತ್ತದೆ, ಇಲ್ಲದ್ದು ಕರಗುತ್ತದೆ. ಇಂಥ ಪುಸ್ತಕ ಕೊಳ್ಳಿರಿ ಎಂದು ಸೂಚಿಸಲು ಎರಡೂ ಕಡೆ ಅವಕಾಶವಿದೆ. ಲೈಬ್ರರಿಯಲ್ಲಿ ಕನ್ನಡವಿಲ್ಲ ಎಂದು ಗೊಣಗುವ ಮೊದಲು ನಾವು ಎಷ್ಟು ಸಲ ಕೇಳಿದ್ದೇವೆ ಎಂದೂ ನೋಡಬೇಕಲ್ಲವೇ?

ಲೈಬ್ರರಿಗಳೂ ಈಗ ಬರೀ ಪುಸ್ತಕದ ಉಗ್ರಾಣಗಳಲ್ಲ. 2004ರಲ್ಲಿ ತೆರೆದ ಸಿಯಾಟಲ್ ಸೆಂಟ್ರಲ್ ಲೈಬ್ರರಿಯನ್ನೇ ನೋಡಿ. ರೆಮ್ ಕೂಲ್ಹಾಸ್ ವಿನ್ಯಾಸದ ಆ ಹನ್ನೊಂದು ಅಂತಸ್ತಿನ ಗಾಜಿನ ಕಟ್ಟಡದಲ್ಲಿ ಒಂದು ಮಹಡಿಗೆ 'ಲಿವಿಂಗ್ ರೂಮ್' ಎಂದೇ ಹೆಸರು. ತಡವಾದ ಪುಸ್ತಕಕ್ಕೆ ದಿನಲೆಕ್ಕದಲ್ಲಿ ಹಾಕುತ್ತಿದ್ದ ದಂಡವನ್ನೂ 2020ರಲ್ಲಿ ಕೈಬಿಟ್ಟರು. 1998ರಲ್ಲಿ ಇದೇ ಲೈಬ್ರರಿಯ ನ್ಯಾನ್ಸಿ ಪರ್ಲ್, ಇಡೀ ಸಿಯಾಟಲ್ ಒಂದೇ ಪುಸ್ತಕ ಓದಿದರೆ ಹೇಗೆ ಎಂದು ಕೇಳಿ, ರಸೆಲ್ ಬ್ಯಾಂಕ್ಸ್‌ನ ಕಾದಂಬರಿಯೊಂದನ್ನು ಊರಿನ ಕೈಗಿತ್ತರು. ಮುಂದೆ ಹಲವಾರು ನಗರಗಳು ಇದನ್ನು ಅನುಸರಿಸಿದವು.

ಹೊಸ ಯೋಚನೆ ಎಂದು ಎಲ್ಲರೂ ಮೆಚ್ಚಿದರು. ನಮಗೆ ಮಾತ್ರ ಇದು ಎಲ್ಲೋ ಕಂಡಂತೆ ಅನಿಸುತ್ತದೆ. ಕುಮಾರವ್ಯಾಸ ಭಾರತವನ್ನೋ ಜೈಮಿನಿಯನ್ನೋ ಒಬ್ಬರು ರಾಗವಾಗಿ ಓದಿ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳಿ, ಊರೇ ಕೂತು ಕೇಳುತ್ತಿದ್ದ ಗಮಕ ಇದೇ ಅಲ್ಲವೇ! ಅಲ್ಲಿ ಕೂರಲು ಅಕ್ಷರ ಬರಲೇಬೇಕೆಂದಿರಲಿಲ್ಲ.

ಇಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಅನೇಕರದು ಇದೇ ಸ್ಥಿತಿ. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಅವರಿಗೆ ಪುಸ್ತಕ ಕೊಟ್ಟರೆ ಪಾಠವಾಗುತ್ತದೆ. ಓದಿ ಹೇಳಿದರೆ ಕಥೆಯಾಗುತ್ತದೆ. ಕಿಂಗ್ ಕೌಂಟಿ ಲೈಬ್ರರಿಗಳಲ್ಲಿ ಮಕ್ಕಳ ಕಥಾಸಮಯ ಇಂಗ್ಲಿಷಿನಲ್ಲಷ್ಟೇ ಅಲ್ಲ, ಬೇರೆ ಬೇರೆ ಭಾಷೆಗಳಲ್ಲೂ ನಡೆಯುತ್ತದೆ. ಕನ್ನಡದಲ್ಲೂ ಬೇಕು ಎಂದು ಹತ್ತು ಮನೆಯವರು ಹೋಗಿ ಕೇಳಬೇಕು, ಜೊತೆಗೆ ಕಥೆ ಹೇಳಲು ಒಬ್ಬರು ಮುಂದೆ ಬರಬೇಕು. ಊರಿನಿಂದ ಆರು ತಿಂಗಳಿಗೆಂದು ಬಂದು, ಮಳೆ ನೋಡುತ್ತಾ ಕಿಟಕಿಯ ಬಳಿ ಕೂರುವ ಅಜ್ಜ-ಅಜ್ಜಿಯರು ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ!